ಕಂತಿನ ಕಥೆಗೆ ಕಂತಿನ ತೀರ್ಪು

ಮುಗಿಯದ ಕಥೆಯೊಂದರ ಮೇಲೆ ತೀರ್ಪು ಹೇಳಬಹುದೆ? ಹೇಳಬಹುದಾದರೆ ಎಷ್ಟರ ಮಟ್ಟಿಗೆ? ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಕಾವ್ಯಮೀಮಾಂಸೆಯ ಗ್ರಂಥವನ್ನು ಓದುವಾಗಲ್ಲ. ಮಂಡ್ಯ ತಾಲ್ಲೂಕಿನ ದುದ್ದದಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ, ಮೊಮ್ಮಗನ ಪಕ್ಕದಲ್ಲಿ ಕುಳಿತು ಜಪಾನ್ ದೇಶದ ಚಿತ್ರಸರಣಿಯೊಂದನ್ನು ಕಂತು ಕಂತಾಗಿ ನೋಡುತ್ತಿದ್ದಾಗ ಹುಟ್ಟಿತು. ಕನ್ನಡ ಪಾಠ ಹೇಳುವುದರಲ್ಲಿ ಬಾಳಿನ ಬಹುಭಾಗವನ್ನು ಕಳೆದವನು ಹುಡುಗರು ನೋಡುವ ಬೊಂಬೆಚಿತ್ರಗಳ ವಿಚಾರ ಎತ್ತುವುದೆ ಎಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಆ ಸಂದೇಹ ನನಗೂ ಇತ್ತು. ಅದು ಹೇಗೆ ಕರಗಿತು, ಕರಗುವಾಗ ನನ್ನ ಹಳೆಯ ತಪ್ಪೊಂದನ್ನು ಹೇಗೆ ಎತ್ತಿ ತೋರಿಸಿತು ಎಂಬುದನ್ನು ನಿಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ಕಂತು ಎಂಬ ಮಾತು ನಮ್ಮ ಸೀಮೆಯ ರೈತನಿಗೆ ಪರಿಚಯವಾದದ್ದು ಕಥೆಯಿಂದಲ್ಲ, ಸಾಲದಿಂದ. ಕಥೆಯನ್ನು ಭಾಗಮಾಡಿ ಹೇಳುವುದಕ್ಕೆ ನಮ್ಮ ಹಿರಿಯರು ಬೇರೆ ಮಾತುಗಳನ್ನು ಇಟ್ಟುಕೊಂಡಿದ್ದರು. ಚಂಪೂಕವಿಗಳು ಆಶ್ವಾಸ ಎಂದರು. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ೧೪ ಆಶ್ವಾಸಗಳು. ಷಟ್ಪದಿಯ ಕವಿಗಳು ಸಂಧಿ ಎಂದರು. ಕುಮಾರವ್ಯಾಸನ ಒಂದೊಂದು ಪರ್ವವೂ ಸಂಧಿಗಳಾಗಿ ಒಡೆದಿದೆ. ಆಶ್ವಾಸವೆಂದರೆ ಉಸಿರಾಡಿ ಸುಧಾರಿಸಿಕೊಳ್ಳುವ ತಾಣ; ಸಂಧಿಯೆಂದರೆ ಕೀಲು, ಎರಡು ಕೂಡುವ ಜಾಗ. ಕಥೆಯ ಒಂದು ಭಾಗವನ್ನು ಅಳೆಯಲು ಬೇಕಾದ ಎರಡು ಅಳತೆಗೋಲುಗಳೂ ಈ ಎರಡು ಮಾತುಗಳಲ್ಲಿ ಇವೆ ಎಂಬುದು ಬಹುಕಾಲ ಪಾಠ ಹೇಳಿದರೂ ನನಗೆ ಹೊಳೆದಿರಲಿಲ್ಲ. ತಾನೊಂದೇ ನಿಂತಾಗ ಈ ಭಾಗಕ್ಕೆ ಒಂದು ಪೂರ್ಣವಾದ ಉಸಿರು ಇದೆಯೆ? ಹಿಂದಿನದಕ್ಕೂ ಮುಂದಿನದಕ್ಕೂ ಅದು ಸರಿಯಾಗಿ ಕೂಡಿಕೊಂಡಿದೆಯೆ? ಕಂತಿನ ವಿಮರ್ಶೆ ಎಂದರೆ ಮುಖ್ಯವಾಗಿ ಈ ಎರಡು ಪ್ರಶ್ನೆಗಳೇ.

ನಾನು ಹುಡುಗನಾಗಿದ್ದಾಗ ನಮ್ಮ ಕಡೆ ಮಳೆ ತಡವಾದರೆ ವಿರಾಟಪರ್ವವನ್ನು ಓದಿಸುವ ವಾಡಿಕೆ ಇತ್ತು. ಒಬ್ಬರು ಓದುವರು, ಇನ್ನೊಬ್ಬರು ಅರ್ಥ ಹೇಳುವರು. ರಾತ್ರಿ ನಿಲ್ಲಿಸಿದ ಕಥೆ ಬೆಳಗಾಗುವ ಹೊತ್ತಿಗೆ ಹೊಲದ ಬದುವಿನ ಮೇಲೆ ಮತ್ತೆ ಎದ್ದು ನಿಲ್ಲುತ್ತಿತ್ತು. “ಭೀಮ ಸಭೇಲೇ ಎದ್ದಿರಬೇಕಿತ್ತು ಕಣಪ್ಪ, ರಾತ್ರಿ ತನಕ ಯಾಕೆ ಕಾಯಬೇಕಿತ್ತು?” ಎಂದು ಒಬ್ಬನೆಂದರೆ, ಎದ್ದಿದ್ದರೆ ಅಜ್ಞಾತವಾಸ ಮುರಿಯುತ್ತಿರಲಿಲ್ಲವೆ ಎಂದು ಇನ್ನೊಬ್ಬ ತಡೆಯುವನು. ಕಥೆಯ ಕೊನೆ ಎಲ್ಲರಿಗೂ ಗೊತ್ತು. ಆದರೂ ನಿನ್ನೆಯ ಭಾಗದ ಮೇಲೆ ಇವತ್ತಿನ ತೀರ್ಪು ನಡೆಯಲೇಬೇಕು. ಕುಮಾರವ್ಯಾಸನಾದರೂ ಭಾರತದ ೧೮ ಪರ್ವಗಳಲ್ಲಿ ೧೦ನ್ನು ಮಾತ್ರ ಹಾಡಿ ನಿಲ್ಲಿಸಿದ. ಉಳಿದವನ್ನು ಪೂರೈಸಿದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ಕಥೆ ಪೂರ್ತಿ ಮುಗಿಯಲಿ, ಆಮೇಲೆ ನೋಡೋಣ ಎಂದು ನಮ್ಮ ಜನ ಕಾದು ಕುಳಿತಿದ್ದರೆ ಕುಮಾರವ್ಯಾಸನ ವಿಚಾರವಾಗಿ ಯಾರೂ ಬಾಯಿ ತೆರೆಯುವಂತಿರಲಿಲ್ಲ.

ಇನ್ನು ಜಪಾನಿನ ಮಾತು. ಅನಿಮೇಷನ್ ಎಂಬ ಇಂಗ್ಲಿಷ್ ಪದವನ್ನು ಮೊಟಕುಮಾಡಿ ಆ ದೇಶದವರು ಅನಿಮೆ ಎನ್ನುತ್ತಾರೆ. ೧೯೬೩ರ ಜನವರಿ ೧ರಂದು ಒಸಾಮು ತೆಜುಕಾ ಅವರ ‘ಅಸ್ಟ್ರೊ ಬಾಯ್’ ಅಲ್ಲಿನ ದೂರದರ್ಶನದಲ್ಲಿ ಮೊದಲಾಯಿತು. ವಾರಕ್ಕೆ ಅರ್ಧ ಗಂಟೆಯ ಕಂತು. ಚಲನಚಿತ್ರದ ಸುರುಳಿಯಲ್ಲಿ ಸೆಕೆಂಡಿಗೆ ೨೪ ಚೌಕಗಳು ಓಡುತ್ತವೆ. ವಾರದೊಳಗೆ ಅಷ್ಟು ಚಿತ್ರಗಳನ್ನು ಕೈಯಿಂದ ಬರೆಯುವುದು ಆಗದ ಮಾತು. ಆದ್ದರಿಂದ ಒಂದೇ ಚಿತ್ರವನ್ನು ಮೂರು ಚೌಕಗಳ ತನಕ ಹಿಡಿದು ನಿಲ್ಲಿಸಿದರು. ಮುಖ ನಿಶ್ಚಲವಾಗಿದ್ದು ತುಟಿ ಮಾತ್ರ ಆಡುವಂತೆ ಮಾಡಿದರು. ಬರೆದ ಚಿತ್ರಗಳನ್ನೇ ಮತ್ತೆ ಮತ್ತೆ ಬಳಸಿದರು. ಬಡತನದಿಂದ ಬಂದ ಈ ಮಿತವ್ಯಯ ಕಾಲಕ್ರಮದಲ್ಲಿ ಒಂದು ಶೈಲಿಯೇ ಆಯಿತು. ಸಾಮಾನ್ಯವಾಗಿ ಮೂರು ತಿಂಗಳಿಗೆ ಹನ್ನೆರಡು ಹದಿಮೂರು ಕಂತುಗಳ ಒಂದು ಸುತ್ತು. ನೋಡುವವರು ಕಂತಿಗೂ ಕಂತಿಗೂ ನಡುವೆ ಒಂದು ವಾರ ಕಾಯುತ್ತಾರೆ, ತರ್ಕಿಸುತ್ತಾರೆ, ಜಗಳವಾಡುತ್ತಾರೆ. ವಾರಪತ್ರಿಕೆಗಳಲ್ಲಿ ಧಾರಾವಾಹಿಗಳನ್ನು ಓದಿ ಸಂಪಾದಕರಿಗೆ ಕಾಗದ ಬರೆದ ನಮ್ಮ ತಲೆಮಾರಿಗೆ ಈ ಸುಖ ಅಪರಿಚಿತವೇನಲ್ಲ.

ನಮ್ಮ ಊರಿಗೆ ಈ ಕಲೆ ಮೊದಲು ಬಂದಾಗ ಅದು ಜಪಾನಿನದೆಂದು ನಮಗೆ ತಿಳಿದಿರಲಿಲ್ಲ. ೧೯೯೩ರ ಸುಮಾರಿನಲ್ಲಿ ಭಾನುವಾರದ ಬೆಳಗ್ಗೆ ದೂರದರ್ಶನದಲ್ಲಿ ‘ಜಂಗಲ್ ಬುಕ್’ ಬರುತ್ತಿತ್ತು. ಕಿಪ್ಲಿಂಗನ ಕಥೆ, ೧೯೮೯ ಮತ್ತು ೧೯೯೦ರಲ್ಲಿ ಜಪಾನಿನವರು ೫೨ ಕಂತುಗಳಾಗಿ ಮಾಡಿದ ಚಿತ್ರ, ಹಿಂದಿಯಲ್ಲಿ ಗುಲ್ಜಾರರ ಹಾಡು, ವಿಶಾಲ್ ಭಾರದ್ವಾಜರ ಸಂಗೀತ. ಟೀವಿ ಇದ್ದ ಕೆಲವೇ ಮನೆಗಳ ಬಾಗಿಲಲ್ಲಿ ಮಕ್ಕಳು ಕಿಕ್ಕಿರಿದಿರುತ್ತಿದ್ದರು. ಯಾರಿಗೂ ಹಿಂದಿ ಸರಿಯಾಗಿ ಬಾರದು. ಸೋಮವಾರದ ಕನ್ನಡ ಪಾಠದಲ್ಲಿ, ನಿನ್ನೆಯ ಕಥೆಯನ್ನು ಕನ್ನಡದಲ್ಲಿ ಹೇಳಿ ಎಂದು ನಾನು ಹುಡುಗರನ್ನು ಎಬ್ಬಿಸುತ್ತಿದ್ದೆ. ಒಂದೇ ಕಂತಿಗೆ ಹತ್ತು ಕಥೆಗಳು ಬರುತ್ತಿದ್ದವು. ತೋಳ ಹುಡುಗನನ್ನು ಬೈದಿತು ಎಂದು ಒಬ್ಬ, ಅದು ಬುದ್ಧಿ ಹೇಳಿದ್ದು ಕಣ್ಸಾ ಎಂದು ಇನ್ನೊಬ್ಬ. ಮುಖ ನೋಡಿ, ದನಿ ಕೇಳಿ, ಕಾರಣ ಕೊಟ್ಟು ವಾದಿಸುತ್ತಿದ್ದರು. ಭಾಷೆ ತಿಳಿಯದ ಕಾರಣ ಅವರ ಕಣ್ಣು ಚುರುಕಾಗಿತ್ತು.

ಅವರಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗ ಇದ್ದ. ಮಾತು ಕಡಮೆ. ಒಂದು ಸೋಮವಾರ ತಾನಾಗಿ ಕೈಯೆತ್ತಿ ಕಥೆ ಹೇಳತೊಡಗಿದ. ಸ್ವಲ್ಪ ಹೊತ್ತಿನಲ್ಲೇ ಹುಲಿ ಕಬ್ಬಿನ ಗದ್ದೆಯಲ್ಲಿ ಅವಿತುಕೊಂಡಿತು, ಮೋಗ್ಲಿ ನಾಲೆಯ ಏರಿಯ ಮೇಲೆ ಓಡಿದ. ತರಗತಿ ನಕ್ಕಿತು. “ಕಬ್ಬಿನ ಗದ್ದೆ ಎಲ್ಲಿ ಬಂತೋ? ನೋಡದೆ ಸುಳ್ಳು ಕಟ್ಟಬೇಡ, ಕೂತ್ಕೊ” ಎಂದೆ. ಅವನು ಕುಳಿತ. ಆ ವರ್ಷ ಮತ್ತೆ ಕೈಯೆತ್ತಲಿಲ್ಲ. ವರ್ಷದ ಕೊನೆಗೆ ಶಾಲೆ ಬಿಟ್ಟು ಹೋದ. ಐದಾರು ವರ್ಷಗಳ ತರುವಾಯ ಮದುವೆಯೊಂದರಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಯೊಬ್ಬನ ಬಾಯಿಂದ ನಿಜ ತಿಳಿಯಿತು. ಭಾನುವಾರ ಬೆಳಗ್ಗೆ ಆ ಹುಡುಗ ದನ ಕಾಯಲು ಹೋಗುತ್ತಿದ್ದನಂತೆ. ಸಂಜೆ ಬಂದು ಮೂರು ನಾಲ್ಕು ಜನರನ್ನು ಕೇಳಿ, ಅವರು ಹೇಳಿದ ಚೂರುಗಳನ್ನೆಲ್ಲ ಕೂಡಿಸಿ, ಕೂಡದ ಕಡೆ ತಾನು ಕಂಡ ಗದ್ದೆ ನಾಲೆಗಳಿಂದ ಬೆಸೆದು, ಸೋಮವಾರಕ್ಕೆ ಕಥೆ ಸಿದ್ಧಮಾಡಿಕೊಳ್ಳುತ್ತಿದ್ದನಂತೆ. ತರಗತಿಯಲ್ಲಿ ಉಳಿದವರೆಲ್ಲ ಕಂತನ್ನು ನೋಡಿದ್ದರು. ಸಂಧಿಯ ಕೆಲಸವನ್ನು ಮಾಡಿದ್ದವನು ಅವನೊಬ್ಬನೇ. ನಾನು ಅದನ್ನು ಸುಳ್ಳು ಎಂದಿದ್ದೆ.

೨೦೨೦ರ ಮಾರ್ಚಿನಲ್ಲಿ, ದೇಶವೆಲ್ಲ ಬಾಗಿಲು ಹಾಕಿಕೊಂಡಾಗ, ಬೆಂಗಳೂರಿನಿಂದ ಮೊಮ್ಮಗ ದುದ್ದಕ್ಕೆ ಬಂದ. ಹದಿನಾಲ್ಕು ವರ್ಷದ ಹುಡುಗ. ಶಾಲೆ ಇಲ್ಲ, ಕೈಯಲ್ಲಿ ಮೊಬೈಲು. ಅವನು ನೋಡಲು ಹೊರಟಿದ್ದ ಸರಣಿಯ ಹೆಸರು ‘ಹೈಕ್ಯೂ’. ಜಪಾನೀ ಭಾಷೆಯಲ್ಲಿ ಹಾಗೆಂದರೆ ವಾಲಿಬಾಲು ಎಂದ. ಎರಡು ಕಂಬ ನೆಟ್ಟು ಬಲೆ ಕಟ್ಟಿದರೆ ಊರ ಹುಡುಗರೆಲ್ಲ ಸೇರುವ ಆಟ ಅದಾದ್ದರಿಂದ ನನಗೂ ಕುತೂಹಲವಾಯಿತು. ಕಂತುಗಳೆಲ್ಲ ಒಟ್ಟಿಗೇ ಸಿಕ್ಕುತ್ತಿದ್ದುದರಿಂದ ಅವನು ಒಂದು ವಾರದಲ್ಲಿ ಎಲ್ಲವನ್ನೂ ನುಂಗಿಬಿಡಲು ಸಿದ್ಧನಾಗಿದ್ದ. ನಾನು ಒಂದು ಕರಾರು ಹಾಕಿದೆ. ಸಂಜೆಗೆ ಒಂದೇ ಕಂತು. ಮುಗಿದ ಕೂಡಲೆ ಮೊಬೈಲು ಆರಿಸಿ, ಇಬ್ಬರೂ ಬೇರೆ ಬೇರೆ ಕುಳಿತು ಒಂದೇ ನೋಟುಪುಸ್ತಕದಲ್ಲಿ ತಾರೀಖು ಹಾಕಿ ಅರ್ಧ ಪುಟ ಬರೆಯುವುದು. ಮರುದಿನ ಅದನ್ನು ಓದಿದ ಮೇಲೆಯೇ ಮುಂದಿನ ಕಂತು. ಅವನು ಗೊಣಗುತ್ತಲೇ ಒಪ್ಪಿದ. ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳನ್ನು ನನಗೆ ಕನ್ನಡದಲ್ಲಿ ಹೇಳುವ ವ್ಯಾಖ್ಯಾನಕಾರನೂ ಆದ.

ಕಥೆ ಸರಳವಾದದ್ದು. ಕರಾಸುನೋ ಎಂಬ ಒಂದು ಪ್ರೌಢಶಾಲೆ. ಆ ಹೆಸರಿನಲ್ಲಿ ಕಾಗೆ ಎಂಬ ಅರ್ಥದ ಮಾತಿದೆ. ಒಂದು ಕಾಲಕ್ಕೆ ಹೆಸರು ಮಾಡಿ, ಈಗ ಬಿದ್ದುಹೋದ ತಂಡ. ಅಲ್ಲಿಗೆ ಹಿನಾಟಾ ಎಂಬ ಗಿಡ್ಡ ಹುಡುಗ ಬರುತ್ತಾನೆ, ಎತ್ತರವಿಲ್ಲ, ನೆಗೆತವಿದೆ. ಮೊದಲ ಭಾಗಕ್ಕೆ ೨೫ ಕಂತು, ಎರಡನೆಯದಕ್ಕೆ ೨೫, ಮೂರನೆಯದಕ್ಕೆ ೧೦. ಒಟ್ಟು ಅರವತ್ತು ಸಂಜೆಗಳು.

ಮೊದಮೊದಲು ಮೊಮ್ಮಗನ ಬರಹ ಒಂದೇ ಸಾಲು: “ಸೂಪರ್” ಅಥವಾ “ಬೋರು.” ಎರಡನೆಯ ಭಾಗದಲ್ಲಿ ತಂಡ ಬೇರೆ ಊರಿನ ಶಿಬಿರಕ್ಕೆ ಹೋಗಿ ಅಭ್ಯಾಸದ ಪಂದ್ಯಗಳಲ್ಲಿ ಸೋತು ಸೋತು, ಸೋಲಿಗೆ ದಂಡವಾಗಿ ಅಂಗಳದ ಸುತ್ತ ಹಾರಿ ಬೀಳುವ ಕಂತುಗಳು ಬಂದಾಗ, “ಏನೂ ಆಗಲಿಲ್ಲ” ಎಂದು ಬರೆದ. ಏನೂ ಆಗದಿದ್ದರೆ ಯಾರ ಮುಖದ ಮೇಲೆ ಹೆಚ್ಚು ಹೊತ್ತು ಚಿತ್ರ ನಿಂತಿತು, ಅದನ್ನಾದರೂ ಬರೆ ಎಂದೆ. ಅಲ್ಲಿಂದ ಮುಂದೆ ಅವನ ಅರ್ಧ ಪುಟ ಒಂದು ಪುಟವಾಯಿತು. ಚಿತ್ರ ಅಲ್ಲಾಡದೆ ನಿಲ್ಲುವುದು ಎಲ್ಲಿ ಕೇವಲ ಮಿತವ್ಯಯ, ಎಲ್ಲಿ ಧ್ಯಾನ ಎಂಬುದನ್ನು ಅವನೇ ಬೇರ್ಪಡಿಸಲು ಕಲಿತ. ಇಪ್ಪತ್ತು ಕ್ಷಣ ಬರಿಯ ತುಟಿ ಆಡಿಸಿ ಉಳಿಸಿದ ಶ್ರಮವನ್ನೆಲ್ಲ ಒಂದು ನೆಗೆತದ ಮೇಲೆ ಸುರಿಯುವ ಜಾಣತನ ಅವನಿಗೆ ಕಂಡಿತು. ಗಮಕಿಯೂ ಹಾಗೆಯೇ ತಗ್ಗುದನಿಯಲ್ಲಿ ನಡೆದು ಏರಬೇಕಾದ ಕಡೆ ಏರುತ್ತಾನೆ ಎಂದು ನಾನು ಅವನಿಗೆ ಹೇಳಿದೆ.

ಮೆಚ್ಚಿಕೆಯಷ್ಟೇ ಅಲ್ಲ, ದೋಷಗಳನ್ನೂ ಬರೆದೆವು. ಮೂರನೆಯ ಭಾಗದ ಹತ್ತು ಕಂತುಗಳೂ ಒಂದೇ ಪಂದ್ಯ. ಎದುರಾಳಿ ಶಿರಾಟೊರಿಜಾವಾ, ಆ ಹೆಸರಿನಲ್ಲಿ ಹಂಸವಿದೆ. ಕಾಗೆಗೂ ಹಂಸಕ್ಕೂ ಐದು ಸುತ್ತಿನ ಕಾಳಗ. ೨೦೧೬ರ ಅಕ್ಟೋಬರಿನಿಂದ ಡಿಸೆಂಬರಿನ ತನಕ ಜಪಾನಿನ ಪ್ರೇಕ್ಷಕರು ಈ ಒಂದು ಪಂದ್ಯ ಮುಗಿಯಲು ಹತ್ತು ವಾರ ಕಾದರು. ಕರ್ಣಪರ್ವದ ಯುದ್ಧವನ್ನು ರಾತ್ರಿ ರಾತ್ರಿ ಕೇಳಿದವರಿಗೆ ಕಾಲವನ್ನು ಹೀಗೆ ಹಿಗ್ಗಿಸುವುದು ಆಶ್ಚರ್ಯವಲ್ಲ. ಆದರೆ ಇಲ್ಲಿ ಒಂದೊಂದು ಹೊಡೆತಕ್ಕೂ ಅಟ್ಟಣೆಯಲ್ಲಿ ಕುಳಿತವರು ಅರ್ಥ ಹೇಳುತ್ತಾರೆ. ಎಡಗೈ ಆಟಗಾರನ ಚೆಂಡು ವಿರುದ್ಧ ದಿಕ್ಕಿಗೆ ತಿರುಗುತ್ತದೆ ಎಂಬುದನ್ನು ಒಮ್ಮೆ ಹೇಳಿದರೆ ಸಾಕಾಗಿತ್ತು. ಪದ್ಯಕ್ಕಿಂತ ವ್ಯಾಖ್ಯಾನವೇ ಉದ್ದವಾದರೆ ಕೇಳುಗ ಆಕಳಿಸುತ್ತಾನೆ ಎಂದು ನಾನು ಬರೆದೆ. ಮೊಮ್ಮಗ ಒಪ್ಪಲಿಲ್ಲ, ಆಟ ಗೊತ್ತಿಲ್ಲದವರಿಗೂ ಕಥೆ ಹೇಳಬೇಕಲ್ಲ ತಾತ ಎಂದ. ಆ ಪುಟದಲ್ಲಿ ನಮ್ಮಿಬ್ಬರ ಅಭಿಪ್ರಾಯಗಳೂ ಹಾಗೆಯೇ ಉಳಿದಿವೆ.

ಕರಾಸುನೋ ತಂಡದಲ್ಲಿ ತ್ಸುಕಿಶಿಮಾ ಎಂಬ ಎತ್ತರದ ಹುಡುಗನಿದ್ದಾನೆ. ಯಾವುದರಲ್ಲೂ ಉತ್ಸಾಹವಿಲ್ಲ, ಶ್ರಮಪಡುವವರನ್ನು ಕಂಡರೆ ಕೊಂಕು ನಗೆ. ಏಪ್ರಿಲ್ ತಿಂಗಳ ಒಂದು ಪುಟದಲ್ಲಿ ನಾನು ಅವನ ವಿಚಾರವಾಗಿ ಹೀಗೆ ಬರೆದಿದ್ದೆ: “ಎತ್ತರವಿದೆ, ಮನಸ್ಸಿಲ್ಲ. ಇವನಿಂದ ತಂಡಕ್ಕೆ ಪ್ರಯೋಜನವಾಗದು.” ಬಹುಕಾಲ ಅಂಕ ಹಾಕಿದ ಕೈ ಬರೆದ ಸಾಲು ಅದು. ಎರಡನೆಯ ಭಾಗದಲ್ಲಿ ಅವನ ಅಣ್ಣನ ಕಥೆ ಬಂತು. ತಾನು ತಂಡದ ಮುಖ್ಯ ಆಟಗಾರನೆಂದು ತಮ್ಮನ ಮುಂದೆ ಹೇಳಿಕೊಂಡಿದ್ದ ಅಣ್ಣ, ತಮ್ಮ ಪಂದ್ಯ ನೋಡಲು ಹೋದ ದಿನ ಅಂಗಳದಲ್ಲಿರಲಿಲ್ಲ. ಪ್ರೇಕ್ಷಕರ ನಡುವೆ ನಿಂತಿದ್ದ. ಆಟವನ್ನು ಮನಸ್ಸಿಗೆ ಹಚ್ಚಿಕೊಂಡರೆ ಆಗುವ ನೋವನ್ನು ಆ ಹುಡುಗ ಕಂಡಿದ್ದ. ಅವನದು ಉದಾಸೀನವಲ್ಲ, ಎಚ್ಚರಿಕೆ. ಆಮೇಲೆ ಐವತ್ತನಾಲ್ಕನೆಯ ಸಂಜೆ. ಮಹಾಪಂದ್ಯದ ಎರಡನೆಯ ಸುತ್ತಿನ ಕೊನೆಯಲ್ಲಿ, ಯಾರೂ ತಡೆಯಲಾಗದೆಂದು ಹೆಸರಾದ ಆ ಎಡಗೈ ಹೊಡೆತವನ್ನು ಇವನು ಬಲೆಯ ಮೇಲೆ ತಡೆದು ಕೆಳಕ್ಕೆ ಕೆಡವಿದ. ಮುಷ್ಟಿ ಬಿಗಿದು ಕೂಗಿದ. ಮೊಮ್ಮಗನೂ ಕೂಗಿದ, ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಆ ರಾತ್ರಿ ಹುಡುಗ ನೋಟುಪುಸ್ತಕದ ಹಳೆಯ ಪುಟ ತೆಗೆದು, “ತಾತ, ನೀನು ತಪ್ಪು ಬರೆದಿದ್ದೀಯ. ಹೊಡೆದುಹಾಕಲಾ?” ಎಂದು ಕೇಳಿದ. ಬೇಡವೆಂದೆ. ಆ ಸಂಜೆಯವರೆಗೆ ಕಂಡದ್ದರ ಮಟ್ಟಿಗೆ ಅದು ಅಪ್ರಾಮಾಣಿಕವಾದ ಮಾತೇನಲ್ಲ. ಅದರಲ್ಲಿದ್ದ ದೋಷ ಬೇರೆ. ‘ಮನಸ್ಸಿಲ್ಲ’ ಎಂದು ಬರೆಯುವ ಕಡೆ ‘ಮನಸ್ಸು ಕಾಣುತ್ತಿಲ್ಲ’ ಎಂದು ಬರೆಯಬೇಕಾಗಿತ್ತು. ‘ಪ್ರಯೋಜನವಾಗದು’ ಎಂಬ ಭವಿಷ್ಯ ನನ್ನ ಅಧಿಕಾರದಲ್ಲಿರಲಿಲ್ಲ. ಕಂಡದ್ದನ್ನು ಖಚಿತವಾಗಿ ಹೇಳಬೇಕು. ಕಾಣದ್ದನ್ನು ಕಾಣಲಿಲ್ಲ ಎಂದಷ್ಟೇ ಹೇಳಬೇಕು. ಕೆಳಗೆ ತಾರೀಖು ಹಾಕಬೇಕು. ಕಂತಿನ ವಿಮರ್ಶಕನಿಗೆ ಇದಕ್ಕಿಂತ ದೊಡ್ಡ ಶಾಸ್ತ್ರ ಬೇಕೆಂದು ನನಗೆ ತೋರುವುದಿಲ್ಲ. ಕಥೆ ಮುಗಿಯುವ ತನಕ ಸುಮ್ಮನಿರು ಎಂದು ನಾನು ಹೇಳುತ್ತಿಲ್ಲ. ಸುಮ್ಮನಿದ್ದವನಿಗೆ ತಾನು ಎಲ್ಲಿ ತಪ್ಪಿದೆ ಎಂದು ತಿಳಿಯುವ ದಾರಿಯೇ ಇಲ್ಲ.

ಆ ಜುಲೈ ತಿಂಗಳಲ್ಲೇ, ೨೦೧೨ರಿಂದ ಜಪಾನಿನ ವಾರಪತ್ರಿಕೆಯೊಂದರಲ್ಲಿ ಚಿತ್ರಕಥೆಯಾಗಿ ಬರುತ್ತಿದ್ದ ‘ಹೈಕ್ಯೂ’ ೪೦೨ ಅಧ್ಯಾಯಗಳಾಗಿ ಮುಗಿಯಿತೆಂದು ಮೊಮ್ಮಗ ಹೇಳಿದ. ಶಾಲೆ ತೆರೆದ ಮೇಲೆ ಅವನು ಬೆಂಗಳೂರಿಗೆ ಹೊರಟುಹೋದ. ನೋಟುಪುಸ್ತಕ ದುದ್ದದಲ್ಲೇ ಇದೆ. ಅದರ ಕೊನೆಯ ಖಾಲಿ ಹಾಳೆಯಲ್ಲಿ, ದನ ಕಾಯುತ್ತಿದ್ದ ಆ ಹುಡುಗ ಹೇಳಿದ ಕಥೆಯನ್ನು ನೆನಪಿದ್ದಷ್ಟು ಬರೆದಿಟ್ಟಿದ್ದೇನೆ: ಕಬ್ಬಿನ ಗದ್ದೆಯಲ್ಲಿ ಹುಲಿ, ನಾಲೆಯ ಏರಿಯ ಮೇಲೆ ಮೋಗ್ಲಿ. ಅಲ್ಲಿಂದ ಮುಂದಕ್ಕೆ ನನ್ನಿಂದ ಬರೆಯಲಾಗಲಿಲ್ಲ. ಅವನು ಅಷ್ಟು ಹೇಳುವ ಹೊತ್ತಿಗೆ ನಾನು ಅವನನ್ನು ಕೂರಿಸಿಬಿಟ್ಟಿದ್ದೆ.