ಕೊಂಡ ವಸ್ತುವಿನ ಬೀಗ ಯಾರ ಕೈಯಲ್ಲಿದೆ?

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಇಂದಿನ ಗೋಷ್ಠಿಗೆ ನಾನು ಆರಿಸಿಕೊಂಡ ವಿಷಯವನ್ನು ಆಹ್ವಾನಪತ್ರಿಕೆಯಲ್ಲಿ ಕಂಡು ಕೆಲವರು ಹುಬ್ಬೇರಿಸಿರಬಹುದು. ಭಾಷೆ, ಗಡಿ, ವಲಸೆ, ಸಾಹಿತ್ಯಗಳನ್ನು ಕುರಿತು ಚರ್ಚಿಸುವ ಈ ವೇದಿಕೆಯಲ್ಲಿ ಮಕ್ಕಳಾಡುವ ವಿಡಿಯೋ ಗೇಮುಗಳ ಕಳ್ಳನಕಲು, ಅದನ್ನು ತಡೆಯಲು ತಯಾರಕರು ಕಳಿಸುವ ತಂತ್ರಾಂಶ ಇವುಗಳಿಗೆ ಏನು ಪ್ರಸಕ್ತಿ ಎಂಬ ಪ್ರಶ್ನೆ ಸಹಜವಾದದ್ದೇ. ನನ್ನ ಉತ್ತರವಿಷ್ಟೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ಪಾಲಿಕಾ ಬಜಾರ್ ಮತ್ತು ನೆಹರೂ ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಇವು ನಾವೆಲ್ಲ ಓಡಾಡಿದ ಪೇಟೆಗಳು. ಹೊರನಾಡ ಕನ್ನಡಿಗರ ಮಕ್ಕಳಲ್ಲಿ ಎಷ್ಟೋ ಮಂದಿ ಈ ಆಟಗಳ ಲೋಕವನ್ನು ಮೊದಲು ಪ್ರವೇಶಿಸಿದ್ದು ಇಲ್ಲಿ ಮಾರುತ್ತಿದ್ದ ನಕಲಿ ಪ್ರತಿಗಳ ಮೂಲಕವೇ. ಅಮೆರಿಕ ಸರ್ಕಾರದ ವಾಣಿಜ್ಯ ಪ್ರತಿನಿಧಿಯ ಕಚೇರಿ ಪ್ರಕಟಿಸುವ 'ಕುಖ್ಯಾತ ಮಾರುಕಟ್ಟೆ'ಗಳ ಪಟ್ಟಿಯಲ್ಲಿ ನೆಹರೂ ಪ್ಲೇಸಿನ ಹೆಸರೂ ಮುಂಬಯಿಯ ಹೀರಾ ಪನ್ನಾದ ಹೆಸರೂ ಬಂದಿವೆ. ನಾವು ದಿನವೂ ಹಾದುಹೋಗುವ ಬೀದಿಯೊಂದು ವಾಷಿಂಗ್ಟನ್ನಿನ ಕಡತ ಸೇರಿದೆಯೆಂದ ಮೇಲೆ ವಿಷಯ ಮಕ್ಕಳಾಟದ್ದಲ್ಲ, ರಾಜಕಾರಣದ್ದು.

ಮೊದಲು ಈ ವ್ಯಾಪಾರದ ಸ್ವರೂಪವನ್ನು ಅರಿಯೋಣ. ಗೇಮ್ ಕನ್ಸೋಲ್ ಎಂಬುದು ಮೂಲತಃ ಗಣಕಯಂತ್ರವೇ. ಆದರೆ ಸಾಮಾನ್ಯ ಗಣಕದಲ್ಲಿ ಯಾರು ಬೇಕಾದರೂ ಬರೆದ ತಂತ್ರಾಂಶವನ್ನು ಓಡಿಸಬಹುದು. ಕನ್ಸೋಲಿನಲ್ಲಿ ತಯಾರಕನ ಮುದ್ರೆ ಬಿದ್ದದ್ದನ್ನು ಮಾತ್ರ. ಏಕೆ? ತಯಾರಕ ಯಂತ್ರವನ್ನು ಅಲ್ಪ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೂ ಮಾರುತ್ತಾನೆ. ಅವನ ನಿಜವಾದ ಗಳಿಕೆ ಮಾರಾಟವಾಗುವ ಪ್ರತಿಯೊಂದು ಆಟದ ಮೇಲೆ ಪಡೆಯುವ ಪಾಲಿನಿಂದ ಬರುತ್ತದೆ. ಆದ್ದರಿಂದಲೇ ಯಂತ್ರಕ್ಕೊಂದು ಬೀಗ ಬೇಕಾಗುತ್ತದೆ.

ಈ ಬೀಗ ಹುಟ್ಟಿದ್ದು ಕೇವಲ ಕಳ್ಳರ ಭಯದಿಂದಲ್ಲ ಎಂಬುದನ್ನು ಗಮನಿಸಬೇಕು. 1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ಮಾರುಕಟ್ಟೆ ಕುಸಿದುಬಿತ್ತು. ಯಾರೆಂದರೆ ಅವರು ತಯಾರಿಸಿದ ಕಳಪೆ ಆಟಗಳು ಅಂಗಡಿಗಳಲ್ಲಿ ರಾಶಿ ಬಿದ್ದದ್ದು ಅದಕ್ಕೊಂದು ಕಾರಣ. 1985ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಆ ದೇಶಕ್ಕೆ ತನ್ನ ಯಂತ್ರವನ್ನು ಒಯ್ದಾಗ ಅದರೊಳಗೆ ಒಂದು ಚಿಪ್ಪನ್ನಿಟ್ಟಿತು. ಅದರ ಜೋಡಿ ಚಿಪ್ಪನ್ನು ಪ್ರತಿ ಕಾರ್ಟ್ರಿಜ್ಜಿನಲ್ಲೂ ಇಟ್ಟಿತು. ಎರಡೂ ಒಂದೇ ತಾಳದಲ್ಲಿ ಉತ್ತರ ಹೇಳಿದರೆ ಮಾತ್ರ ಆಟ; ತಾಳ ತಪ್ಪಿದರೆ ಯಂತ್ರ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇದರ ಬಲದಿಂದ ನಿಂಟೆಂಡೊ ಹೊರಗಿನ ಪ್ರಕಾಶಕರಿಗೆ ವರ್ಷಕ್ಕೆ ಐದೇ ಆಟಗಳೆಂಬ ಮಿತಿ ಹಾಕಿತು. ಅಂದರೆ ಬೀಗ ಕಳ್ಳನನ್ನು ತಡೆಯುವುದರ ಜೊತೆಗೆ ಸಹವ್ಯಾಪಾರಿಯನ್ನು ಹತೋಟಿಯಲ್ಲಿಡುವ ಸಾಧನವೂ ಆಗಿತ್ತು. ಇದೇ ಸಂಸ್ಥೆ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್ ಯಂತ್ರದಲ್ಲಿ ಈ ಚಿಪ್ಪಿರಲಿಲ್ಲ. ಅದರ ನಕಲುಗಳೇ ಮುಂದೆ ನಮ್ಮ ಪೇಟೆಗಳಿಗೆ ಬಂದವು. ತೊಂಬತ್ತರ ದಶಕದಲ್ಲಿ ಮಧ್ಯಮವರ್ಗದ ಮನೆಗಳ ಟಿ.ವಿ.ಗೆ ಜೋಡಿಸುತ್ತಿದ್ದ ಆ ಯಂತ್ರಗಳನ್ನೂ 'ಒಂದರಲ್ಲಿ 9999 ಆಟ' ಎಂದು ಸುಳ್ಳು ಲೆಕ್ಕ ಹೇಳುತ್ತಿದ್ದ ಕಾರ್ಟ್ರಿಜ್ಜುಗಳನ್ನೂ ನೀವು ಬಲ್ಲಿರಿ.

1994ರ ಡಿಸೆಂಬರಿನಲ್ಲಿ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ಜಪಾನಿನಲ್ಲಿ ಬಿಡುಗಡೆಯಾದ ಬಳಿಕ ಕಾರ್ಟ್ರಿಜ್ಜಿನ ಸ್ಥಾನಕ್ಕೆ ಸಿ.ಡಿ. ಬಂತು. ಸಿ.ಡಿ.ಯನ್ನು ನಕಲು ಮಾಡುವುದು ಸುಲಭ. ಹಾಗಾಗಿ ಸೋನಿ ತನ್ನ ಸಿ.ಡಿ.ಗಳ ಸುರುಳಿಯಲ್ಲಿ ಒಂದು ಸೂಕ್ಷ್ಮವಾದ ಓಲಾಟವನ್ನು ಅಡಗಿಸಿತು. ಸಾಮಾನ್ಯ ಸಿ.ಡಿ. ಬರೆಯುವ ಯಂತ್ರ ಅದನ್ನು ಮರುಸೃಷ್ಟಿಸಲಾರದು. ಪೇಟೆಯ ರಿಪೇರಿಗಾರ ಏನು ಮಾಡಿದ? ಓಲಾಟವನ್ನು ನಕಲಿಸುವ ಗೋಜಿಗೇ ಹೋಗಲಿಲ್ಲ. ಆ ಗುರುತಿನ ಅಕ್ಷರಗಳನ್ನು ಯಂತ್ರದ ಕಿವಿಯಲ್ಲಿ ತಾನೇ ಉಸುರುವ ಒಂದು ಪುಟ್ಟ ಚಿಪ್ಪನ್ನು ಬೆಸುಗೆ ಹಾಕಿದ. ಇದೇ ಮಾಡ್‌ಚಿಪ್. ಅದೇ ಗುರುತಿನಲ್ಲಿ ಜಪಾನ್, ಅಮೆರಿಕ, ಯೂರೋಪುಗಳೆಂಬ ಪ್ರದೇಶಭೇದವೂ ಅಡಕವಾಗಿತ್ತು. ಒಂದು ಖಂಡದಲ್ಲಿ ಹಣ ಕೊಟ್ಟು ಕೊಂಡ ಅಸಲಿ ಆಟ ಇನ್ನೊಂದು ಖಂಡದ ಅಸಲಿ ಯಂತ್ರದಲ್ಲಿ ಓಡುತ್ತಿರಲಿಲ್ಲ. ಮಾಡ್‌ಚಿಪ್ ಕಳ್ಳನಕಲಿಗೆ ದಾರಿ ಮಾಡಿದ್ದು ನಿಜ. ಪ್ರಾಮಾಣಿಕ ಗ್ರಾಹಕನಿಗೆ ಈ ಗಡಿಯನ್ನು ದಾಟಿಸಿದ್ದೂ ಅಷ್ಟೇ ನಿಜ. 2005ರಲ್ಲಿ ಆಸ್ಟ್ರೇಲಿಯದ ಹೈಕೋರ್ಟು ಸ್ಟೀವನ್ಸ್ ಮತ್ತು ಸೋನಿ ನಡುವಿನ ಮೊಕದ್ದಮೆಯಲ್ಲಿ, ಸೋನಿಯ ಈ ವ್ಯವಸ್ಥೆ ನಕಲು ಮಾಡುವುದನ್ನು ತಡೆಯುವುದಿಲ್ಲ, ನಕಲಾದುದನ್ನು ಆಡುವುದನ್ನಷ್ಟೇ ತಡೆಯುತ್ತದೆ, ಆದ್ದರಿಂದ ಅಂದಿನ ಕಾನೂನಿನ ರಕ್ಷಣೆ ಅದಕ್ಕಿಲ್ಲ ಎಂದು ತೀರ್ಪಿತ್ತಿತು. ಆ ದೇಶ ಮರುವರ್ಷವೇ ಕಾನೂನನ್ನು ಬದಲಿಸಿತು.

ಇಲ್ಲಿಯವರೆಗಿನ ಬೀಗ ಕಾರ್ಖಾನೆಯಲ್ಲಿ ಒಮ್ಮೆ ಹಾಕಿದ್ದು. ಅಂತರಜಾಲ ಬಂದ ಮೇಲೆ ಸ್ಥಿತಿ ಮೂಲಭೂತವಾಗಿ ಬದಲಾಯಿತು. ತಯಾರಕ ಈಗ ಗ್ರಾಹಕನ ಮನೆಯೊಳಗಿರುವ ಯಂತ್ರದ ಬೀಗವನ್ನು ದೂರದಿಂದಲೇ ಬದಲಿಸಬಲ್ಲ. ಇದನ್ನೇ ಅಪ್‌ಡೇಟ್ ಎನ್ನುತ್ತೇವೆ. 2004ರಲ್ಲಿ ಬಂದ ಪಿ.ಎಸ್.ಪಿ. ಎಂಬ ಕೈಯಂತ್ರದ ಮೊದಲ ಆವೃತ್ತಿಯಲ್ಲಿ ಹವ್ಯಾಸಿಗಳು ಬರೆದ ತಂತ್ರಾಂಶವೂ ಓಡುತ್ತಿತ್ತು. ಸೋನಿ ಅಪ್‌ಡೇಟಿನಿಂದ ಆ ಕಿಂಡಿ ಮುಚ್ಚಿತು. ಹವ್ಯಾಸಿಗಳು ಹಳೆಯ ಆವೃತ್ತಿಗೆ ಮರಳುವ ಉಪಾಯ ಕಂಡುಹಿಡಿದರು. ಸೋನಿ ಮತ್ತೆ ಮುಚ್ಚಿತು. ಅಪ್‌ಡೇಟಿನೊಡನೆ ಅಂತರಜಾಲ ನೋಡುವ ಸೌಲಭ್ಯದಂಥ ಆಮಿಷಗಳೂ ಬಂದವು, ಕಹಿಮಾತ್ರೆಗೆ ಬೆಲ್ಲ ಸವರಿದಂತೆ. ಬೆಲ್ಲ ಬೇಡವೆಂದವನಿಗೂ ಬಿಡುಗಡೆಯಿರಲಿಲ್ಲ. ಹೊಸ ಆಟಗಳು ಹೊಸ ಆವೃತ್ತಿಯನ್ನೇ ಬೇಡುತ್ತಿದ್ದವು. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಚಿಪ್ಪಿನೊಳಗಿನ ಅತಿಸೂಕ್ಷ್ಮ ಫ್ಯೂಸುಗಳನ್ನು ಅಪ್‌ಡೇಟು ಸುಟ್ಟುಹಾಕಬಲ್ಲದು. ಸುಟ್ಟದ್ದು ಮತ್ತೆ ಕೂಡುವುದಿಲ್ಲವಾದ್ದರಿಂದ ಯಂತ್ರ ಹಿಂದಿನ ಆವೃತ್ತಿಗೆ ಮರಳಲಾರದು.

ಈ ಇತಿಹಾಸದ ಅತ್ಯಂತ ಬೋಧಪ್ರದವಾದ ಅಧ್ಯಾಯ ಪ್ಲೇಸ್ಟೇಷನ್ 3ರದ್ದು. 2006ರಲ್ಲಿ ಬಿಡುಗಡೆಯಾದ ಈ ಯಂತ್ರದಲ್ಲಿ ಲಿನಕ್ಸ್‌ನಂಥ ಬೇರೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸಿಕೊಳ್ಳುವ ಸೌಲಭ್ಯವನ್ನು ಸೋನಿ ತಾನಾಗಿಯೇ ಕೊಟ್ಟಿತ್ತು. ಇದನ್ನು ನಂಬಿ ಸಂಶೋಧಕರು ಈ ಯಂತ್ರಗಳನ್ನು ಜೋಡಿಸಿ ಅಗ್ಗದ ಮಹಾಗಣಕಗಳನ್ನು ಕಟ್ಟಿದರು. ಅಮೆರಿಕದ ವಾಯುಸೇನೆಯ ಪ್ರಯೋಗಾಲಯ ಇಂಥ 1,700ಕ್ಕೂ ಹೆಚ್ಚು ಯಂತ್ರಗಳನ್ನು ಬಳಸಿತು. 2010ರ ಜನವರಿಯಲ್ಲಿ ಜಾರ್ಜ್ ಹಾಟ್ಜ್ ಎಂಬ ತರುಣ ಈ ಸೌಲಭ್ಯದ ಮೂಲಕ ಯಂತ್ರದ ಒಳಗೋಟೆಗೆ ದಾರಿಯಿದೆಯೆಂದು ಪ್ರಕಟಿಸಿದ. ಅದೇ ವರ್ಷ ಏಪ್ರಿಲ್ 1ರಂದು 3.21 ಎಂಬ ಅಪ್‌ಡೇಟು ಬಂದು ಆ ಸೌಲಭ್ಯವನ್ನೇ ಕಿತ್ತುಹಾಕಿತು. ಸೋನಿ ಕೊಟ್ಟ ಕಾರಣ ಭದ್ರತೆ. ಬೇಡವೆನ್ನುವ ಸ್ವಾತಂತ್ರ್ಯ ಗ್ರಾಹಕನಿಗೆ ಹೆಸರಿಗೆ ಮಾತ್ರ ಇತ್ತು. ಒಪ್ಪಿದರೆ ಲಿನಕ್ಸ್ ಹೋಯಿತು. ಒಪ್ಪದಿದ್ದರೆ ಜಾಲದಲ್ಲಿ ಆಡುವಂತಿಲ್ಲ, ಹೊಸ ಅಪ್‌ಡೇಟು ಬೇಡುವ ಹೊಸ ಆಟಗಳನ್ನೂ ಆಡುವಂತಿಲ್ಲ. ಎರಡೂ ಸೌಲಭ್ಯಗಳಿಗೆ ಅವನು ಹಣ ತೆತ್ತಿದ್ದ. ಈಗ ಯಾವ ಕೈ ಕಡಿಸಿಕೊಳ್ಳಲಿ ಎಂದು ಅವನೇ ಆರಿಸಬೇಕಾಯಿತು.

ಮುಂದಾದದ್ದೇನು? ಡಿಸೆಂಬರಿನಲ್ಲಿ ಬರ್ಲಿನ್ನಿನ ಸಮಾವೇಶವೊಂದರಲ್ಲಿ 'ಫೇಲ್‌ಓವರ್‌ಫ್ಲೋ' ಎಂಬ ಗುಂಪು ಸೋನಿಯ ಬೀಗದ ಮೂಲದೋಷವನ್ನು ಬಯಲುಮಾಡಿತು. ಪ್ರತಿ ಬಾರಿ ಡಿಜಿಟಲ್ ರುಜು ಹಾಕುವಾಗಲೂ ಹೊಸದಾಗಿ, ಯಾದೃಚ್ಛಿಕವಾಗಿ ಆರಿಸಬೇಕಾದ ಒಂದು ಸಂಖ್ಯೆಯನ್ನು ಸೋನಿ ಬದಲಿಸದೆ ಒಂದೇ ಆಗಿ ಬಳಸಿತ್ತು. ಹಾಗೆ ಮಾಡಿದರೆ ಎರಡು ರುಜುಗಳನ್ನು ಹೋಲಿಸಿ ಸರಳ ಬೀಜಗಣಿತದಿಂದ ಗುಪ್ತ ಕೀಲಿಯನ್ನೇ ಕಂಡುಹಿಡಿಯಬಹುದು. ಲಿನಕ್ಸ್ ಸೌಲಭ್ಯವನ್ನು ಕಿತ್ತುಕೊಂಡದ್ದೇ ಸಮರ್ಥರಾದ ಹವ್ಯಾಸಿಗಳನ್ನು ಈ ಬೀಗದತ್ತ ತಿರುಗಿಸಿತೆಂದು ಆ ಗುಂಪು ವಾದಿಸಿತು. 2011ರ ಜನವರಿಯಲ್ಲಿ ಹಾಟ್ಜ್ ಯಂತ್ರದ ಮೂಲಕೀಲಿಯನ್ನು ಪ್ರಕಟಿಸಿದ. ಸೋನಿ ಮೊಕದ್ದಮೆ ಹೂಡಿತು. ಏಪ್ರಿಲಿನಲ್ಲಿ ರಾಜಿಯ ಘೋಷಣೆಯಾಯಿತು. ಲಿನಕ್ಸ್ ಕಳೆದುಕೊಂಡ ಅಮೆರಿಕದ ಗ್ರಾಹಕರು ಹೂಡಿದ ಸಾಮೂಹಿಕ ದಾವೆ ಮಾತ್ರ 37 ಲಕ್ಷ 50 ಸಾವಿರ ಡಾಲರುಗಳ ಒಪ್ಪಂದಕ್ಕೆ ಬಂದು ನಿಲ್ಲಲು 2018ರವರೆಗೆ ಕಾಯಬೇಕಾಯಿತು. ಸೌಲಭ್ಯ ಕಸಿಯಲು ಒಂದು ದಿನ, ಅದರ ಬೆಲೆ ಕಟ್ಟಲು ಎಂಟು ವರ್ಷ.

ಕಾಲ ಸರಿದಂತೆ ಬೀಗದ ಸ್ವರೂಪ ಬದಲಾಗಿದೆಯೇ ಹೊರತು ತರ್ಕ ಬದಲಾಗಿಲ್ಲ. 2017ರ ನಿಂಟೆಂಡೊ ಸ್ವಿಚ್ ಯಂತ್ರದ ಮುಖ್ಯ ಚಿಪ್ಪಿನಲ್ಲಿ ಅಚ್ಚಾಗಿದ್ದ ದೋಷ 2018ರಲ್ಲಿ ಬಯಲಾದಾಗ ಯಾವ ಅಪ್‌ಡೇಟಿನಿಂದಲೂ ಅದನ್ನು ಸರಿಪಡಿಸಲಾಗಲಿಲ್ಲ. ಹೊಸ ಚಿಪ್ಪಿನ ಯಂತ್ರಗಳನ್ನೇ ತಯಾರಿಸಬೇಕಾಯಿತು. 2025ರ ಮೇ ತಿಂಗಳಲ್ಲಿ ನಿಂಟೆಂಡೊ ಅಮೆರಿಕದ ಬಳಕೆದಾರರ ಒಪ್ಪಂದವನ್ನು ಪರಿಷ್ಕರಿಸಿ, ನಿಬಂಧನೆಗಳನ್ನು ಮುರಿದವರ ಯಂತ್ರವನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಶಾಶ್ವತವಾಗಿ ನಿರುಪಯುಕ್ತಗೊಳಿಸಬಹುದೆಂದು ಬರೆದುಕೊಂಡಿತು. ಇಲ್ಲಿ ದೂರು ಕೊಡುವವನೂ, ವಿಚಾರಣೆ ಮಾಡುವವನೂ, ಶಿಕ್ಷೆ ಕೊಡುವವನೂ ಒಬ್ಬನೇ. ಆಪಾದಿತನ ಮಾತು ಕೇಳುವ ಕಟಕಟೆಯೇ ಇಲ್ಲ.

ಇಷ್ಟು ಹೇಳಿದೆನೆಂದು ಕಳ್ಳನಕಲು ಜನಸಾಮಾನ್ಯರ ಬಂಡಾಯವೆಂದು ನಾನು ವಾದಿಸುತ್ತಿದ್ದೇನೆಂದು ತಿಳಿಯಬಾರದು. ಸ್ವಿಚ್ ಯಂತ್ರದ ಬೀಗ ಮುರಿಯುವ ಉಪಕರಣಗಳನ್ನು ಮಾರಿದ 'ಟೀಮ್ ಎಕ್ಸಿಕ್ಯೂಟರ್' ಗುಂಪು ನಡೆಸಿದ್ದು ಶುದ್ಧ ವ್ಯಾಪಾರ. 2022ರಲ್ಲಿ ಅದರ ಸದಸ್ಯನೊಬ್ಬನಿಗೆ ಅಮೆರಿಕದ ನ್ಯಾಯಾಲಯ 40 ತಿಂಗಳ ಸೆರೆವಾಸ ವಿಧಿಸಿತು. ಆಟವೂ ಒಂದು ಕೃತಿ. ಅದರ ಹಿಂದೆ ಚಿತ್ರಕಾರರ, ಸಂಗೀತಗಾರರ, ಕಥೆ ಬರೆಯುವವರ, ತಂತ್ರಾಂಶ ತಜ್ಞರ ವರ್ಷಗಟ್ಟಲೆಯ ದುಡಿಮೆಯಿದೆ. 2009ರಲ್ಲಿ ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ಪ್ಲೇಸ್ಟೇಷನ್ 2ಕ್ಕಾಗಿ 'ಹನುಮಾನ್: ಬಾಯ್ ವಾರಿಯರ್' ಎಂಬ ಆಟವನ್ನು ರೂಪಿಸಿತು. ನಮ್ಮದೇ ನೆಲದಲ್ಲಿ ಇಂಥ ಪ್ರಯತ್ನಗಳು ಬೇರೂರಬೇಕಾದರೆ ಕೊಂಡು ಆಡುವವರು ಬೇಕು. ರಸ್ತೆಬದಿಯಲ್ಲಿ ಬಿಡಿಗಾಸಿಗೆ ಸಿಗುವ ನಕಲು ದೊಡ್ಡ ಕಂಪನಿಗೆ ತರಚುಗಾಯ ಮಾಡಿದರೆ ಸಣ್ಣ ತಯಾರಕನ ಉಸಿರನ್ನೇ ನಿಲ್ಲಿಸಬಲ್ಲದು.

ಆದ್ದರಿಂದ ಪ್ರಶ್ನೆ ಕಳ್ಳನನ್ನು ಹಿಡಿಯಬೇಕೇ ಬೇಡವೇ ಎಂಬುದಲ್ಲ. ಕಳ್ಳನನ್ನು ಹಿಡಿಯುವ ನೆಪದಲ್ಲಿ ಊರವರೆಲ್ಲರ ಮನೆಯ ಬೀಗದ ಕೈಯನ್ನು ತಳವಾರನೇ ಇಟ್ಟುಕೊಳ್ಳಬಹುದೇ ಎಂಬುದು. ನಮ್ಮ ಕಾನೂನು ಈ ವಿಷಯದಲ್ಲಿ ಅಮೆರಿಕದ ಕಾನೂನಿಗಿಂತ ವಿವೇಕಯುತವಾಗಿದೆ. ಅಮೆರಿಕದ 1998ರ ಕಾಯಿದೆಯಲ್ಲಿ ಉದ್ದೇಶ ಏನೇ ಇರಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ ಬೀಗ ಮುರಿಯುವುದೇ ಅಪರಾಧ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಿದ 65ಎ ವಿಧಿಯಾದರೋ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವನನ್ನು ಮಾತ್ರ ದಂಡಿಸುತ್ತದೆ. ಕಾಯಿದೆ ಸ್ಪಷ್ಟವಾಗಿ ನಿಷೇಧಿಸದ ಕಾರ್ಯಕ್ಕೆ ಅಡ್ಡಿಯಿಲ್ಲವೆನ್ನುತ್ತದೆ. ನ್ಯಾಯವಾಗಿ ಹೊಂದಿದ ತಂತ್ರಾಂಶ ಹಾಳಾದೀತೆಂದು ರಕ್ಷಣಾಪ್ರತಿ ಮಾಡಿಕೊಳ್ಳುವುದಕ್ಕೂ 52ನೆಯ ವಿಧಿಯಲ್ಲಿ ಅವಕಾಶವಿದೆ. ಆದರೆ ಇದೇ ವಿವೇಕ ಎಲ್ಲೆಡೆ ಕಾಣುವುದಿಲ್ಲ. ಕರ್ನಾಟಕ 2014ರಲ್ಲಿ ತನ್ನ ಗೂಂಡಾ ಕಾಯಿದೆಯನ್ನು ತಿದ್ದಿ, ಕೃತಿಸ್ವಾಮ್ಯ ಉಲ್ಲಂಘಿಸುವವರನ್ನು 'ಡಿಜಿಟಲ್ ಅಪರಾಧಿ'ಗಳೆಂಬ ಹೆಸರಿನಲ್ಲಿ ಮುನ್ನೆಚ್ಚರಿಕೆಯ ಬಂಧನದ ವ್ಯಾಪ್ತಿಗೆ ತಂದಿತು. ಚಲನಚಿತ್ರೋದ್ಯಮದ ನಷ್ಟ ನಿಜವಾದದ್ದೇ. ಆದರೂ ನಕಲು ಮಾಡುವವನನ್ನೂ ಗೂಂಡಾನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪ್ರಭುತ್ವದ ಬಗೆಗೆ ನಾವು ಎಚ್ಚರದಿಂದಿರಬೇಕು.

ಕೊನೆಯದಾಗಿ ಸ್ಮೃತಿಯ ಪ್ರಶ್ನೆ. ಅಮೆರಿಕದಲ್ಲಿ ಹಿಂದೆ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡ 87ರಷ್ಟು ಇಂದು ಕ್ರಮಬದ್ಧ ಮಾರಾಟದಲ್ಲಿ ದೊರೆಯುವುದಿಲ್ಲವೆಂದು ಅಲ್ಲಿಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ನಿನ 2023ರ ಅಧ್ಯಯನ ತೋರಿಸಿತು. ಗ್ರಂಥಾಲಯಗಳು ಅವನ್ನು ಸಂಶೋಧಕರಿಗೆ ದೂರದಿಂದ ಒದಗಿಸಲು ಕೇಳಿದ ವಿನಾಯಿತಿ 2024ರಲ್ಲಿ ತಿರಸ್ಕೃತವಾಯಿತು. ಕನ್ನಡಿಗರಾದ ನಮಗೆ ನಕಲಿನ ಇನ್ನೊಂದು ಮುಖವೂ ಗೊತ್ತು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ದಾನದ ಕಥೆಯಾಗಿ ನೆನೆಯುತ್ತೇವೆ. ಅದು ಉಳಿವಿನ ಕಥೆಯೂ ಹೌದು. ಓಲೆಗರಿ ನಶಿಸುತ್ತದೆ, ಪ್ರತಿ ಮಾಡಿದ್ದು ಉಳಿಯುತ್ತದೆ. ಆಕೆ ಲಿಪಿಕಾರರ ದುಡಿಮೆಗೆ ಆಸರೆಯಾಗಿ ನಿಂತು ಪ್ರತಿ ಮಾಡಿಸಿದಳೆಂಬುದನ್ನೂ ಮರೆಯಬಾರದು. ದುಡಿದವನಿಗೆ ಕೂಲಿ, ಕೃತಿಗೆ ಬಾಳಿಕೆ ಇವೆರಡೂ ಒಟ್ಟಿಗೆ ಸಾಧ್ಯವೆಂಬುದಕ್ಕೆ ನಮ್ಮ ಪರಂಪರೆಯೇ ಸಾಕ್ಷಿ.

ಹಾಗಾದರೆ ನಾವು ಕೇಳಬೇಕಾದದ್ದೇನು? ಮಾರುವಾಗ ಕೊಟ್ಟ ಸೌಲಭ್ಯವನ್ನು ಅಪ್‌ಡೇಟಿನ ಮೂಲಕ ಕಸಿಯಬಾರದು. ಕಸಿದರೆ ಹಣ ಮರಳಿಸಬೇಕು. ಭದ್ರತೆಗೆ ಬೇಕಾದ ಅಪ್‌ಡೇಟು ಬೇರೆ, ಹತೋಟಿಗೆ ಬೇಕಾದದ್ದು ಬೇರೆ ಎಂದು ಗ್ರಾಹಕನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಯಂತ್ರವನ್ನು ನಿಷ್ಕ್ರಿಯಗೊಳಿಸುವ ಅಧಿಕಾರ ಕಂಪನಿಯ ಒಪ್ಪಂದಪತ್ರದಿಂದಲ್ಲ, ನ್ಯಾಯಾಲಯದಿಂದ ಬರಬೇಕು. ಮಾರಾಟ ನಿಂತ ಆಟಗಳನ್ನು ಕಾಪಾಡುವ ಹಕ್ಕು ಗ್ರಂಥಾಲಯಗಳಿಗಿರಬೇಕು. ಇವು ಆಟದ ಯಂತ್ರಕ್ಕೆ ಮಾತ್ರ ಸಂಬಂಧಿಸಿದ ಬೇಡಿಕೆಗಳಲ್ಲ. ನಾವು ಓದುವ ಪುಸ್ತಕ, ಕೇಳುವ ಹಾಡು, ಓಡಿಸುವ ಕಾರು ಎಲ್ಲವೂ ಈಗ ಅಪ್‌ಡೇಟಿನ ಅಧೀನಕ್ಕೆ ಬರುತ್ತಿವೆ. ಇಂದು ಮಗನ ಆಟಿಕೆಯ ವಿಷಯದಲ್ಲಿ ಬಿಟ್ಟುಕೊಟ್ಟ ಹಕ್ಕನ್ನು ನಾಳೆ ತಾಯಿಯ ಔಷಧಯಂತ್ರದ ವಿಷಯದಲ್ಲಿ ಮರಳಿ ಪಡೆಯುವುದು ಸುಲಭವಾಗಲಾರದು.