ರೇಡಿಯೋ ಮೊದಲು ಬಂತು, ಲಸಿಕೆ ಆಮೇಲೆ

(ಪಕ್ಷದ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಸಾರಾಂಶ)



ವಿಜ್ಞಾನ ಬೆಳೆದರೆ ಬಡತನ ತಾನಾಗಿ ತೊಲಗುತ್ತದೆ ಎನ್ನುವವರಿದ್ದಾರೆ. ವಿಜ್ಞಾನವೆಲ್ಲ ಬಂಡವಾಳಗಾರರ ಆಟವೆಂದು ಮೂಗು ಮುರಿಯುವವರು ನಮ್ಮಲ್ಲೇ ಉಂಟು. ಎರಡೂ ಸರಿಯಲ್ಲ. 1950ರಿಂದ 1960ರವರೆಗಿನ ಹತ್ತು ವರುಷಗಳಲ್ಲಿ ಜಗತ್ತಿಗೆ ಬಂದ ಎರಡು ವಸ್ತುಗಳ ಕಥೆಯನ್ನಷ್ಟೇ ಇಂದು ಹೇಳುತ್ತೇವೆ: ಒಂದು ಟ್ರಾನ್ಸಿಸ್ಟರ್ ರೇಡಿಯೋ, ಇನ್ನೊಂದು ಪೋಲಿಯೋ ಲಸಿಕೆ.

ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ. ಅದಕ್ಕೆ ಮುಂಚೆ ರೇಡಿಯೋ ಎಂದರೆ ಗಾಜಿನ ವಾಲ್ವುಗಳ ಪೆಟ್ಟಿಗೆ. ವಾಲ್ವು ಬಿಸಿಯಾದ ಮೇಲೆಯೇ ದನಿ. ಟ್ರಾನ್ಸಿಸ್ಟರಿಗೆ ಆ ಗೊಡವೆಯಿಲ್ಲ, ಸಣ್ಣ ಬ್ಯಾಟರಿ ಸಾಕು. 1954ರ ಅಕ್ಟೋಬರಿನಲ್ಲಿ ರೀಜೆನ್ಸಿ ಟಿಆರ್-1 ಎಂಬ ಕೈಯಲ್ಲಿ ಹಿಡಿಯುವ ರೇಡಿಯೋ ಹೊರಬಂತು. ಒಳಗೆ ನಾಲ್ಕೇ ಟ್ರಾನ್ಸಿಸ್ಟರು. ಬೆಲೆ 49 ಡಾಲರ್ 95 ಸೆಂಟು. ಆಗ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 75 ಸೆಂಟು. ಲೆಕ್ಕ ಹಾಕಿ: 66 ಗಂಟೆಗೂ ಹೆಚ್ಚು ದುಡಿದರೆ ಒಂದು ರೇಡಿಯೋ.

ಈ ವಿದ್ಯೆ ಒಂದೇ ಕಂಪನಿಯ ಪೆಟ್ಟಿಗೆಯಲ್ಲಿ ಉಳಿಯಲಿಲ್ಲವೇಕೆ? ಬೆಲ್ ಕಂಪನಿಯ ಏಕಸ್ವಾಮ್ಯದ ವಿರುದ್ಧ ಅಮೆರಿಕದ ಸರ್ಕಾರವೇ 1949ರಲ್ಲಿ ದಾವೆ ಹೂಡಿತ್ತು. ದಾವೆ ನಡೆಯುತ್ತಿದ್ದಾಗಲೇ ಕಂಪನಿ ಬೇರೆಯವರಿಗೆ ಪರವಾನಗಿ ಕೊಡತೊಡಗಿತು. 1956ರ ರಾಜಿಯಲ್ಲಂತೂ ತನ್ನ ಅದುವರೆಗಿನ ಪೇಟೆಂಟುಗಳನ್ನು ಆ ದೇಶದ ಇತರ ಕಂಪನಿಗಳಿಗೆ ರಾಯಧನವಿಲ್ಲದೆ ಬಿಟ್ಟುಕೊಡಬೇಕಾಯಿತು. ಮೊದಲೇ ಪರವಾನಗಿ ಪಡೆದಿದ್ದ ಟೋಕಿಯೋದ ಸಣ್ಣ ಕಂಪನಿಯೊಂದು 1955ರಲ್ಲಿ ತನ್ನ ಟ್ರಾನ್ಸಿಸ್ಟರ್ ರೇಡಿಯೋ ಮಾರಿತು; 1958ರಲ್ಲಿ ಸೋನಿ ಎಂದು ಹೆಸರು ಬದಲಿಸಿಕೊಂಡಿತು. ಜಪಾನಿನ ಕಾರ್ಖಾನೆಗಳಲ್ಲಿ ಅವನ್ನು ತಯಾರಿಸಿದವರಲ್ಲಿ ಹಳ್ಳಿಗಳಿಂದ ಬಂದ ಎಳೆಯ ಹೆಣ್ಣುಮಕ್ಕಳು ಬಹಳ. 'ಟ್ರಾನ್ಸಿಸ್ಟರ್ ಹುಡುಗಿಯರು' ಎಂದೇ ಅವರನ್ನು ಕರೆದರು. ರೇಡಿಯೋದ ಮೇಲೆ ಕಂಪನಿಯ ಹೆಸರಿತ್ತು, ಅವರ ಹೆಸರಿರಲಿಲ್ಲ.

ಇನ್ನು ಲಸಿಕೆ. 1952ರ ಒಂದೇ ವರ್ಷ ಅಮೆರಿಕದಲ್ಲಿ 57 ಸಾವಿರಕ್ಕೂ ಹೆಚ್ಚು ಜನರಿಗೆ ಪೋಲಿಯೋ ತಗುಲಿತು, ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಜೋನಾಸ್ ಸಾಲ್ಕರ ಸಂಶೋಧನೆಗೆ ಹಣ ಕೊಟ್ಟದ್ದು ಯಾರು? ಹತ್ತು ಹತ್ತು ಸೆಂಟಿನ ನಾಣ್ಯ ಕಳುಹಿಸಿದ ಜನಸಾಮಾನ್ಯರು. 1954ರಲ್ಲಿ ನಡೆದ ಪರೀಕ್ಷೆಯಲ್ಲಿ ಸುಮಾರು 18 ಲಕ್ಷ ಮಕ್ಕಳು ಭಾಗಿಯಾದರು. 1955ರ ಏಪ್ರಿಲ್ 12ರಂದು ಲಸಿಕೆ ಗೆದ್ದಿತೆಂಬ ಸುದ್ದಿ ಬಂತು. ಅದಕ್ಕೆ ಪೇಟೆಂಟ್ ಮಾಡಲಿಲ್ಲ.

ಆದರೆ ಅದೇ ತಿಂಗಳು ಕ್ಯಾಲಿಫೋರ್ನಿಯದ ಕಟ್ಟರ್ ಕಂಪನಿಯ ಲಸಿಕೆಯಲ್ಲಿ ಸಾಯದ ವೈರಸ್ ಉಳಿದಿತ್ತು. ಮಕ್ಕಳು ಕೈಕಾಲು ಕಳೆದುಕೊಂಡರು, ಹತ್ತು ಜೀವ ಹೋಯಿತು. ಆಮೇಲಷ್ಟೇ ಸರ್ಕಾರದ ತಪಾಸಣೆ ಬಿಗಿಯಾಯಿತು. ವಿಜ್ಞಾನಕ್ಕೆ ಸಾರ್ವಜನಿಕ ಕಣ್ಗಾವಲು ಬೇಕೆನ್ನಲು ಇದಕ್ಕಿಂತ ಕಹಿಯಾದ ಪಾಠ ಬೇಡ.

ಬಾಯಿಗೆ ಹಾಕುವ ಲಸಿಕೆಯನ್ನು ರೂಪಿಸಿದ ಆಲ್ಬರ್ಟ್ ಸೇಬಿನ್ ಅಮೆರಿಕದವರು. ಅದನ್ನು 1959ರಲ್ಲಿ ಭಾರಿ ಪ್ರಮಾಣದಲ್ಲಿ ಪರೀಕ್ಷಿಸಿದ ಮಿಖಾಯಿಲ್ ಚುಮಕೋವ್ ಸೋವಿಯತ್ ದೇಶದವರು. ಎರಡು ದೇಶಗಳು ಪರಸ್ಪರ ಬಾಂಬು ತೋರಿಸುತ್ತಿದ್ದ ಕಾಲದಲ್ಲಿ ಕೂಸುಗಳಿಗಾಗಿ ಈ ಕೂಡು ಕೆಲಸ ನಡೆಯಿತು.

ಈಗ ನಮ್ಮ ನಾಡಿಗೆ ಬನ್ನಿ. ಟ್ರಾನ್ಸಿಸ್ಟರ್ 1960ರ ದಶಕದಲ್ಲೇ ನಮ್ಮ ಸಂತೆ, ಜಾತ್ರೆ, ಹೋಟೆಲುಗಳಿಗೆ ಬಂತು. ಎಲ್ಲ ಕೂಸುಗಳನ್ನೂ ಮುಟ್ಟುವ ಪಲ್ಸ್ ಪೋಲಿಯೋ ಆರಂಭವಾದದ್ದು 1995ರಲ್ಲಿ. ದೇಶದ ಕೊನೆಯ ಪ್ರಕರಣ ಹೌರಾದಲ್ಲಿ, 2011ರ ಜನವರಿಯಲ್ಲಿ. ಸಾಲ್ಕರ ಲಸಿಕೆಗೂ ಅದಕ್ಕೂ ನಡುವೆ 55 ವರುಷಕ್ಕೂ ಹೆಚ್ಚು! ಆ ಅವಧಿಯಲ್ಲಿ ಕಾಲು ಬತ್ತಿದ ಮಕ್ಕಳು ಬಹುಪಾಲು ಯಾರ ಮನೆಯವರೆಂದು ನಿಮಗೆ ಹೇಳಬೇಕಿಲ್ಲ.

ಮಾರುವ ಸರಕಿಗೆ ದಾರಿ ಹುಡುಕಲು ವರ್ತಕನಿದ್ದಾನೆ. ಕೊಡಬೇಕಾದ ಸರಕಿಗೆ ದಾರಿ ಮಾಡಬೇಕಾದವರು ಸಂಘಟಿತ ಜನ ಮತ್ತು ಅವರಿಗೆ ಅಂಜುವ ಸರ್ಕಾರ. ಕೊನೆಗೂ ಆ ಹನಿಯನ್ನು ಮನೆಬಾಗಿಲಿಗೆ ಮುಟ್ಟಿಸಿದವರು ಗೌರವಧನಕ್ಕೆ ದುಡಿದ ಅಂಗನವಾಡಿ ಮತ್ತು ಆಶಾ ತಾಯಂದಿರು. ಹೊಸ ಯಂತ್ರವಾಗಲಿ, ಹೊಸ ಔಷಧಿಯಾಗಲಿ ಬಂದಾಗ ಚಪ್ಪಾಳೆ ತಟ್ಟೋಣ. ಜೊತೆಗೆ ಕೇಳೋಣ: ಇದಕ್ಕೆ ಹಣ ಕೊಟ್ಟವರು ಯಾರು, ಒಡೆಯರು ಯಾರು, ನಮ್ಮ ಹಾಡಿಯ ಕೊನೆಯ ಗುಡಿಸಲಿಗೆ ಇದು ಎಂದು ಮುಟ್ಟುತ್ತದೆ? ಉತ್ತರ ಸಿಗುವ ತನಕ ಕೇಳುತ್ತಲೇ ಇರುವುದು ಪಕ್ಷದ ಕೆಲಸ.