ನಾವು ಹೇಳೋದು, ಕಂಪ್ಯೂಟರ್ ಬರೆಯೋದು

(ಕಡೂರು, ತರೀಕೆರೆ, ಅಜ್ಜಂಪುರದ ಕಲಿಕಾ ಕೇಂದ್ರಗಳಲ್ಲಿ ಆಡಿದ ಮಾತು)



ಕಡೂರಿನಲ್ಲಿ ಒಬ್ಬ ಅಕ್ಕ ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ತರೀಕೆರೆಯಲ್ಲೂ ಅದೇ ಪ್ರಶ್ನೆ ಬಂತು. ಅಜ್ಜಂಪುರದಲ್ಲೂ ಬಂತು. "ಟೀಚರ್, ಈಗ ಬಾಯಲ್ಲಿ ಹೇಳಿದ್ರೆ ಸಾಕು, ಕಂಪ್ಯೂಟರೇ ಬರೀತೈತಂತೆ. ಮತ್ತೆ ನಾವ್ಯಾಕೆ ಈ ವಯಸ್ಸಲ್ಲಿ ಅಕ್ಷರ ತಿದ್ದಬೇಕು?"

ಒಳ್ಳೇ ಪ್ರಶ್ನೆ. ಕಂಪ್ಯೂಟರ್ ಬರೆಯೋದು ನಿಜ. ಹೇಗೆ ಬರೆಯುತ್ತದೆ, ಎಲ್ಲಿ ಎಡವುತ್ತದೆ, ಅದನ್ನು ಮೊದಲು ನೋಡೋಣ.

ಕಚೇರಿಗಳಲ್ಲಿ 'ನುಡಿ' ಅನ್ನೋ ತಂತ್ರಾಂಶ ಇದೆ. ಅದರಲ್ಲಿ ಕೀಲಿ ಒತ್ತಿ ಕನ್ನಡ ಬರೆಯುತ್ತಾರೆ. ಒಂದು ಒತ್ತಕ್ಷರಕ್ಕೆ ಮೂರು ನಾಲ್ಕು ಸಲ ಕೀಲಿ ಒತ್ತಬೇಕು. ಅದಕ್ಕೆ ಅಭ್ಯಾಸ ಬೇಕು. 2017ರ ಆಗಸ್ಟ್‌ನಲ್ಲಿ ಗೂಗಲ್ ಕಂಪನಿ ತನ್ನ ಮಾತು ಕೇಳಿ ಬರೆಯುವ ಸೌಲಭ್ಯಕ್ಕೆ ಕನ್ನಡವನ್ನೂ ಸೇರಿಸಿತು. 2022ರಲ್ಲಿ ಕೇಂದ್ರ ಸರ್ಕಾರ 'ಭಾಷಿಣಿ' ಎಂಬ ಯೋಜನೆ ತಂತು. ಕಂಪ್ಯೂಟರಿಗೆ ನಮ್ಮ ದೇಶದ ಭಾಷೆಗಳನ್ನು ಕಲಿಸುವುದು ಅದರ ಕೆಲಸ.

ಕಂಪ್ಯೂಟರಿಗೆ ಕಿವಿ ಇಲ್ಲ. ಮೈಕು ನಮ್ಮ ದನಿಯನ್ನು ಹಿಡಿಯುತ್ತದೆ. ಕಂಪ್ಯೂಟರ್ ಆ ದನಿಯನ್ನು ಚೂರು ಚೂರು ಮಾಡುತ್ತದೆ. ಈರುಳ್ಳಿ ಹೆಚ್ಚಿದ ಹಾಗೆ ಅನ್ನಿ. ಅದು ಮೊದಲೇ ಸಾವಿರಾರು ಜನರ ಮಾತು ಕೇಳಿ ಕಲಿತಿರುತ್ತದೆ. ನಮ್ಮ ದನಿಯ ಚೂರನ್ನು ಅದಕ್ಕೆ ಹೋಲಿಸಿ ನೋಡುತ್ತದೆ. ಅಕ್ಕಪಕ್ಕದ ಮಾತನ್ನೂ ನೋಡುತ್ತದೆ. 'ಈ ಪದ ಇರಬಹುದು' ಅಂತ ಊಹೆ ಮಾಡಿ ಬರೆಯುತ್ತದೆ. ನೆನಪಿಡಿ, ಅದು ಊಹೆ.

ಈಗ ಕೆಲಸಕ್ಕೆ ಬರೋಣ. ಕೆಲವು ಪಂಚಾಯಿತಿಗಳ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆ. ಇಂಟರ್ನೆಟ್ ಬೇಕು. ಮೇಜಿನ ಮೇಲಿನ ಕಂಪ್ಯೂಟರಿಗೆ ಬಹಳ ಸಲ ಮೈಕು ಇರೋದಿಲ್ಲ. ಮೈಕು ಇರುವ ಇಯರ್‌ಫೋನ್ ಸಿಕ್ಕಿಸಬೇಕು. ಕ್ರೋಮ್ ತೆರೆದು ಗೂಗಲ್ ಡಾಕ್ಸ್‌ಗೆ ಹೋಗಬೇಕು. ಅಲ್ಲಿ 'ಟೂಲ್ಸ್' ಒತ್ತಿದರೆ 'ವಾಯ್ಸ್ ಟೈಪಿಂಗ್' ಅಂತ ಬರುತ್ತದೆ. ಅದನ್ನು ಒತ್ತಿ. ಮೈಕಿನ ಚಿತ್ರ ಬರುತ್ತದೆ. ಅದರ ಮೇಲೆ ಭಾಷೆಗಳ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ 'ಕನ್ನಡ' ಹುಡುಕಿ. ಇಂಗ್ಲಿಷ್ ಅಂತ ಇದ್ದರೆ ನೀವು ಎಷ್ಟು ಚೆನ್ನಾಗಿ ಕನ್ನಡ ಮಾತಾಡಿದರೂ ಅದು ಏನೇನೋ ಬರೆಯುತ್ತದೆ! ಮೈಕಿನ ಚಿತ್ರ ಒತ್ತಿದಾಗ, ಮೈಕು ಬಳಸಲೇ ಎಂದು ಕಂಪ್ಯೂಟರ್ ಒಪ್ಪಿಗೆ ಕೇಳಬಹುದು. ಒಪ್ಪಿಗೆ ಕೊಡಿ. ಚಿತ್ರ ಕೆಂಪಾದರೆ ಮಾತಾಡಿ.

ಫೋನಿನಲ್ಲಿ ಇನ್ನೂ ಸುಲಭ. ಕೀಲಿಮಣೆಯ ಭಾಷೆ ಕನ್ನಡ ಮಾಡಿ. ಮೈಕಿನ ಚಿತ್ರ ಒತ್ತಿ. ಅಷ್ಟೇ.

ಮೈಕು ಬಾಯಿಂದ ಒಂದು ಗೇಣು ದೂರ ಇರಲಿ. ಟಿ.ವಿ. ನಿಲ್ಲಿಸಿ. ಮಿಕ್ಸಿ ನಿಲ್ಲಿಸಿ. ಫ್ಯಾನಿನ ಗಾಳಿಗೆ ನೇರ ಕೂರಬೇಡಿ. ಗಾಳಿ ಮೈಕಿಗೆ ಬಡಿದರೆ ಬರೀ ಭೊರ್ ಅನ್ನುತ್ತದೆ. ಇಬ್ಬರು ಒಟ್ಟಿಗೆ ಮಾತಾಡಬೇಡಿ. (ನಮ್ಮ ಸಂಘದ ಸಭೆಯಲ್ಲಿ ಇದೇ ಕಷ್ಟ ಅಲ್ವಾ?)

ಅಕ್ಷರ ಬಿಡಿಸಿ ಹೇಳಬೇಡಿ. ನಾವು ಪಾಠದಲ್ಲಿ 'ಈ...ರು...ಳ್ಳಿ' ಅಂತ ಓದುತ್ತೇವೆ. ಕಂಪ್ಯೂಟರಿಗೆ ಹಾಗೆ ಹೇಳಿದರೆ ತಿಳಿಯೋದಿಲ್ಲ. ಮನೆಯಲ್ಲಿ ಮಾತಾಡುವ ಹಾಗೆ, ಅವಸರ ಇಲ್ಲದೆ, ಒಂದು ಪೂರ್ತಿ ವಾಕ್ಯ ಹೇಳಿ. ಸ್ವಲ್ಪ ತಡೆಯಿರಿ. ಆಮೇಲೆ ಮುಂದಿನ ವಾಕ್ಯ. ಚುಕ್ಕಿ, ಪ್ರಶ್ನೆ ಚಿಹ್ನೆಗಳನ್ನು ಆಮೇಲೆ ಕೈಯಲ್ಲೇ ಹಾಕಿ.

ಈಗ ಒಂದು ಅರ್ಜಿ ಬರೆಸೋಣ. ಮಳೆ ಹೆಚ್ಚಾಯಿತು ಅನ್ನಿ. ತಹಶೀಲ್ದಾರರಿಗೆ ಬರೀಬೇಕು. ನೀವು ಹೇಳ್ತೀರಿ: "ನಮ್ಮ ಹೊಲದಲ್ಲಿ ಬೆಳೆ ಹಾಳಾಗಿದೆ. ಪರಿಹಾರ ಕೊಡಿಸಿ." ಕಂಪ್ಯೂಟರ್ ಹೀಗೆ ಬರೆದುಬಿಡಬಹುದು: "ನಮ್ಮ ಒಲೆಯಲ್ಲಿ ಬೇಳೆ ಹಾಳಾಗಿದೆ."

ನಗಬೇಡಿ! ಅಲ್ಲ, ನಗಿ. ಆದರೆ ಆ ಅರ್ಜಿ ಕಚೇರಿಗೆ ಹೋದರೆ ನಗು ಬರೋದಿಲ್ಲ. ಒಲೆಯ ಮೇಲಿನ ಬೇಳೆಗೆ ಯಾರು ಪರಿಹಾರ ಕೊಡ್ತಾರೆ?

ಇದು ಯಾಕೆ ಆಯಿತು? ನಮ್ಮ ಕಡೆ ಎಷ್ಟೋ ಜನ ಹೊಲಕ್ಕೆ 'ಒಲ' ಅಂತೀವಿ. ಹಾಲಿಗೆ 'ಆಲು' ಅಂತೀವಿ. ಹಣಕ್ಕೆ 'ಅಣ' ಅಂತೀವಿ. ನಾವು ಅಕ್ಕಿ ಅಂದರೂ ಹಕ್ಕಿ ಅಂದರೂ ನಮ್ಮ ಮನೆಯವರಿಗೆ ಯಾವುದು ಯಾವುದು ಅಂತ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಗೊತ್ತಾಗೋದಿಲ್ಲ. ಅದು ಪೇಟೆಯ ಮಾತು, ಪುಸ್ತಕದ ಮಾತು ಹೆಚ್ಚು ಕೇಳಿದೆ. ನಮ್ಮಂಥ ಹೆಂಗಸರ ಮಾತು ಕಡಿಮೆ ಕೇಳಿದೆ. ನಿಮ್ಮ ಮಾತಿನಲ್ಲಿ ತಪ್ಪಿಲ್ಲ, ಅದರ ಕಲಿಕೆ ಸಾಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಿಗಳ ಜನರ ಮಾತನ್ನೂ ಸಂಗ್ರಹ ಮಾಡುತ್ತಿದ್ದಾರೆ. ಅದು ಕಲಿಯುವ ತನಕ ನಾವು ಒಂದು ಉಪಾಯ ಮಾಡಬಹುದು. ಕಂಪ್ಯೂಟರಿಗೆ ಹೇಳುವಾಗ ಮಾತ್ರ 'ಹ'ಕಾರವನ್ನು ಸ್ವಲ್ಪ ಒತ್ತಿ ಹೇಳೋಣ. ಮನೆಯಲ್ಲಿ ಹೇಗೆ ಬೇಕೋ ಹಾಗೆ ಆಡೋಣ.

ಬೆಳೆ, ಬೇಳೆ ಎರಡನ್ನೂ ಬರೆದು ನೋಡಿ. 'ಬೆ'ಗೆ ದೀರ್ಘ ಹಾಕಿದರೆ 'ಬೇ'. ಆ ಒಂದು ಗುರುತು ಸಾಕು, ಅರ್ಜಿಯ ಅರ್ಥವೇ ಬದಲಾಯಿತು. ಹೋದ ತಿಂಗಳು ಈ ದೀರ್ಘವನ್ನು ತಿದ್ದಿ ತಿದ್ದಿ ಬೇಜಾರು ಮಾಡಿಕೊಂಡಿರಿ ಅಲ್ವಾ? ಅದು ಗೊತ್ತಿದ್ದರೆ ತಾನೇ ತಪ್ಪು ಕಣ್ಣಿಗೆ ಬೀಳೋದು? ಕಡೂರಿನ ಅಕ್ಕನ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇದೇ.

ಅಂಕಿಗಳನ್ನು ಇನ್ನೂ ಹುಷಾರಾಗಿ ನೋಡಿ. ಸರ್ವೆ ನಂಬರ್ 47/2 ಅಂತ ಇದ್ದರೆ ಬಾಯಲ್ಲಿ ಹೇಳಿ ಬಿಡಬೇಡಿ. ಪಹಣಿ ಪಕ್ಕದಲ್ಲಿ ಇಟ್ಟುಕೊಂಡು ಕೀಲಿ ಒತ್ತಿಯೇ ಬರೆಯಿರಿ. 47 ಹೋಗಿ 42 ಆದರೆ ಅದು ಬೇರೆಯವರ ಹೊಲ. ಸಂಘದ ನಡಾವಳಿಯಲ್ಲಿ ಉಳಿತಾಯದ ಹಣ, ಸಾಲದ ಕಂತು ಬರೆಸುವಾಗಲೂ ಹೀಗೇ ಮಾಡಿ. ಊರಿನ ಹೆಸರುಗಳೂ ಕಷ್ಟ. ಬೆಂಗಳೂರು ಅಂದರೆ ಸರಿಯಾಗಿ ಬರೆಯುತ್ತದೆ. ಯಗಟಿ, ಚೌಳಹಿರಿಯೂರು, ಲಕ್ಕವಳ್ಳಿ, ಶಿವನಿ ಅಂದರೆ ತಡವರಿಸಬಹುದು. ಮನೆಯವರ ಹೆಸರನ್ನು ಆಧಾರ್ ಕಾರ್ಡಿನಲ್ಲಿ ಇರುವ ಹಾಗೇ ಇದೆಯೇ ನೋಡಿ. ತಪ್ಪಾದ ಪದದ ಮೇಲೆ ಬೆರಳಿಟ್ಟು ಅಳಿಸಿ. ಆ ಪದ ಒಂದನ್ನೇ ಮತ್ತೆ ಹೇಳಿ. ಎರಡು ಸಲಕ್ಕೂ ಬಾರದಿದ್ದರೆ ಬರೆದೇಬಿಡಿ.

ಇನ್ನೊಂದು ಮಾತು. ನಾವು ಹೇಳಿದ್ದು ಸಾಮಾನ್ಯವಾಗಿ ಇಂಟರ್ನೆಟ್ ಮೂಲಕ ದೂರದ ಕಂಪ್ಯೂಟರಿಗೆ ಹೋಗಿ, ಅಕ್ಷರವಾಗಿ ವಾಪಸ್ ಬರುತ್ತದೆ. ಬ್ಯಾಂಕಿನ ಗುಟ್ಟಿನ ನಂಬರ್, ಫೋನಿಗೆ ಬರುವ ಒಟಿಪಿ ಇವನ್ನು ಮೈಕಿಗೆ ಹೇಳಲೇಬೇಡಿ. ಪಕ್ಕದಲ್ಲಿ ನಿಂತವರಿಗೂ ಕೇಳಿಸುತ್ತದೆ.

ಅರ್ಜಿ ಮುಗಿದ ಮೇಲೆ ಒಬ್ಬರು ಗಟ್ಟಿಯಾಗಿ ಓದಿ. ಇನ್ನೊಬ್ಬರು ಪಹಣಿ ಹಿಡಿದು ಕೇಳಿ. ಆಮೇಲೆ ಸಹಿ ಹಾಕಿ. ಮುದ್ರಿಸಿದ ಕಾಗದ ಚೆಂದ ಕಾಣುತ್ತದೆ, ನಿಜ. ಚೆಂದ ಇದೆ ಅಂತ ಓದದೆ ಸಹಿ ಹಾಕಿದರೆ, ಅದಕ್ಕೂ ಹಿಂದೆ ಹಾಕುತ್ತಿದ್ದ ಹೆಬ್ಬೆಟ್ಟಿಗೂ ಏನು ವ್ಯತ್ಯಾಸ?

ಬರುವ ಗುರುವಾರ ಎಲ್ಲರೂ ಒಂದೊಂದು ಅರ್ಜಿ ಬರೆಸೋಣ. ನೀರಿನದ್ದಾಗಲಿ, ಬೀದಿ ದೀಪದ್ದಾಗಲಿ, ಬೆಳೆಯದ್ದಾಗಲಿ. ಪಹಣಿ ಇದ್ದವರು ತನ್ನಿ. ಕನ್ನಡಕ ಮರೆಯಬೇಡಿ.